ಮಿಂಟ್ ಇಳಿಸಿ ಆರ್ಚ್ ಹತ್ತಿಸಿದ್ದು

ಯಂತ್ರ ಹಳೆಯದು. ಇಂಟೆಲ್ ನಾಲ್ಕನೇ ತಲೆಮಾರಿನ ಐ5, 8 ಜಿಬಿ ಮೆಮರಿ, 240 ಜಿಬಿ ಎಸ್‌ಎಸ್‌ಡಿ, ಪಕ್ಕದಲ್ಲೊಂದು 600 ವಿಎ ಯುಪಿಎಸ್. ಕೆಲಸವೂ ದೊಡ್ಡದಲ್ಲ. ಕನ್ನಡದಲ್ಲಿ ನಾಲ್ಕು ಪತ್ರ, ಲಿಬ್ರೆಆಫೀಸಿನಲ್ಲಿ ತೋಟದ ಲೆಕ್ಕ, ಪಹಣಿ ಪ್ರಿಂಟು, ಬ್ರೌಸರು. ಇಷ್ಟಕ್ಕೆ ವಿಂಡೋಸ್ ಬದಲು ಹಾಕುವ ಲಿನಕ್ಸ್ ಮಿಂಟ್ ಸಾಕಾಗಿತ್ತು, ಈಗಲೂ ಸಾಕು. ಮಿಂಟ್ ನಿಂತಿರುವುದು ಎರಡು ವರ್ಷಕ್ಕೊಮ್ಮೆ ಬರುವ ಉಬುಂಟು ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿಯ ಮೇಲೆ. ಹೊಸ ಆವೃತ್ತಿಯ ಸಾಫ್ಟ್‌ವೇರ್ ಬೇಕೆಂದಾಗಲೆಲ್ಲ ಪಿಪಿಎ ಎಂಬ ಹೊರಗಿನ ಭಂಡಾರಗಳನ್ನು ಸೇರಿಸುತ್ತ ಹೋಗಬೇಕು, ಮುಂದಿನ ದೊಡ್ಡ ಅಪ್‌ಗ್ರೇಡಿನಲ್ಲಿ ಅವೇ ಕಾಲಿಗೆ ತೊಡರುತ್ತವೆ. ಮೂರನೇ ಸಲ ಹಾಗಾದ ಮೇಲೆ ಆರ್ಚ್ ಎಂಬ ಇನ್ನೊಂದು ಲಿನಕ್ಸ್ ಹಾಕಿದ್ದು.

2002ರಲ್ಲಿ ಕೆನಡಾದ ಜಡ್ ವಿನೆಟ್ ಶುರುಮಾಡಿದ ಈ ಆರ್ಚ್‌ಗೆ ಆವೃತ್ತಿ ಸಂಖ್ಯೆಯೇ ಇಲ್ಲ. ಒಮ್ಮೆ ಹಾಕಿದರೆ ಅದೇ ಮುಂದುವರಿಯುತ್ತದೆ, ಪ್ಯಾಕೇಜುಗಳು, ಅಂದರೆ ಸಾಫ್ಟ್‌ವೇರಿನ ಕಟ್ಟುಗಳು, ಒಂದೊಂದಾಗಿ ಹೊಸದಾಗುತ್ತಿರುತ್ತವೆ. ನಮ್ಮ ಕಡೆಯವರಿಗೆ ಹೇಳುವುದಾದರೆ, ಅಂಗಡಿಯಿಂದ ಕೆಂಪಡಿಕೆ ತರುವುದಕ್ಕೂ ಹಸಿ ಅಡಿಕೆ ಸುಲಿದು, ಚೊಗರು ಹಾಕಿ ಬೇಯಿಸಿ, ಅಟ್ಟದ ಮೇಲೆ ಒಣಗಿಸುವುದಕ್ಕೂ ಇರುವಷ್ಟು ವ್ಯತ್ಯಾಸ. ಬಾಯಿಗೆ ಹಾಕಿಕೊಂಡಾಗ ಎರಡೂ ಅಡಿಕೆಯೇ. ಯಾವ ಹಂತದಲ್ಲಿ ಹದ ತಪ್ಪಿತು ಎನ್ನುವುದು ಮಾತ್ರ ಬೇಯಿಸಿದವನಿಗಷ್ಟೇ ಗೊತ್ತಿರುತ್ತದೆ.

ಕಮಾಂಡುಗಳನ್ನು ಇಲ್ಲಿ ಫೋನಿನಲ್ಲಿ ಹೇಳಿ ಬರೆಸುವ ಹಾಗೆಯೇ ಬರೆದಿದೆ. ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಅರ್ಥ ಕೊಡುವ ಕಡೆ ಬಿಡಿಸಿ ಹೇಳಿದೆ.

ಮೊದಲು ಡೇಟಾದ ಲೆಕ್ಕ. ತಿಂಗಳಿಗೊಮ್ಮೆ ಹೊಸದಾಗಿ ಬರುವ ಐಎಸ್‌ಒ, ಅಂದರೆ ಪೆನ್‌ಡ್ರೈವಿಗೆ ಬರೆಯುವ ಕಡತ, ಒಂದು ಜಿಬಿಗಿಂತ ಜಾಸ್ತಿ. ಅದು ಹಾಕುವ ಸಾಧನ ಮಾತ್ರ, ಪ್ಯಾಕೇಜುಗಳೆಲ್ಲ ಹಾಕುವ ಹೊತ್ತಿನಲ್ಲೇ ಇಂಟರ್ನೆಟ್ಟಿನಿಂದ ಇಳಿಯುತ್ತವೆ. ಡೆಸ್ಕ್‌ಟಾಪ್, ಫಾಂಟು, ಆಫೀಸು ಎಲ್ಲ ಸೇರಿ ನಾಲ್ಕೈದು ಜಿಬಿ ಇಟ್ಟುಕೊಂಡೇ ಕೂರಬೇಕು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಮಧ್ಯಾಹ್ನಕ್ಕೇ ಮುಗಿದು ಅರ್ಧಕ್ಕೆ ನಿಲ್ಲುತ್ತದೆ. ಹಳ್ಳಿಯಲ್ಲಿರುವವರು ಫೈಬರ್ ಇರುವ ಮನೆಗೆ ಸಿಪಿಯು ಹೊತ್ತುಕೊಂಡು ಹೋಗುವುದೇ ಸಲೀಸು.

ಬ್ಯಾಕಪ್ಪಿಗೆ ಹೋಮ್ ಫೋಲ್ಡರು ಪೂರ್ತಿ ಹೊರಗಿನ ಡಿಸ್ಕಿಗೆ ಹೋಗಬೇಕು. ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರುಗಳನ್ನು ಬಿಡಬಾರದು, ಫೈರ್‌ಫಾಕ್ಸಿನ ಪಾಸ್‌ವರ್ಡು, ಥಂಡರ್‌ಬರ್ಡಿನ ಮೇಲ್ ಇರುವುದು ಅಲ್ಲೇ. ಹೊಸ ಸಿಸ್ಟಮ್ಮಿಗೆ ವಾಪಸ್ ತರುವಾಗ ಮಾತ್ರ ಎಲ್ಲವನ್ನೂ ಸುರಿಯಬೇಡಿ. ಮಿಂಟಿನ ಸಿನಮನ್ ಸೆಟ್ಟಿಂಗುಗಳು ಬೇರೆ ಡೆಸ್ಕ್‌ಟಾಪಿನ ಜೊತೆ ಸೇರಿ ಐಕಾನು, ಥೀಮು ಎಲ್ಲ ಕಲಸುಮೇಲೋಗರವಾಗುತ್ತದೆ.

ಐಎಸ್‌ಒವನ್ನು ಡಿಡಿ ಎಂಬ ಕಮಾಂಡಿನಿಂದ ಪೆನ್‌ಡ್ರೈವಿಗೆ ಬರೆಯುವಾಗ ಗುರಿ ಇಡೀ ಡ್ರೈವು, ಅದರ ಮೊದಲ ಪಾರ್ಟಿಶನ್ (ಭಾಗ) ಅಲ್ಲ. ಅಂದರೆ ಎಸ್‌ಡಿಬಿ, ಎಸ್‌ಡಿಬಿ1 ಅಲ್ಲ. ಬರೆಯುವ ಮೊದಲು ಎಲ್‌ಎಸ್‌ಬಿಎಲ್‌ಕೆ ಕೊಟ್ಟು ಗಾತ್ರ ನೋಡಿ ಯಾವುದು ಯಾವುದೆಂದು ಖಾತ್ರಿ ಮಾಡಿಕೊಳ್ಳಬೇಕು. ಡಿಡಿ ಏನನ್ನೂ ಕೇಳುವುದಿಲ್ಲ. ಬಯೋಸಿನಲ್ಲಿ, ಸಹಿ ಇಲ್ಲದ ಸಿಸ್ಟಮ್ ಏಳಲು ಬಿಡದ ಸೆಕ್ಯೂರ್ ಬೂಟ್ ಆಫ್ ಮಾಡಬೇಕು, ಆರ್ಚಿನ ಐಎಸ್‌ಒಗೆ ಅದರ ಸಹಿ ಇಲ್ಲ.

ವಿಂಡೋಸ್ ಜೊತೆಗಿಟ್ಟುಕೊಳ್ಳುವವರಿಗೆ ಕೆಲಸ ಇನ್ನೂ ಇದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡ ಮೇಲೆಯೇ ಸೆಕ್ಯೂರ್ ಬೂಟ್ ಮುಟ್ಟಬೇಕು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಯಂತ್ರ ಏಳುವಾಗ ಓದುವ, ವಿಂಡೋಸ್ ಮಾಡಿಟ್ಟ ಇಎಫ್‌ಐ ಪಾರ್ಟಿಶನ್ ಸಾಮಾನ್ಯವಾಗಿ 100 ಎಂಬಿ, ಅದರೊಳಗೆ ಆರ್ಚಿನ ಕರ್ನಲ್ಲುಗಳು, ಅಂದರೆ ಸಿಸ್ಟಮ್ಮಿನ ತಿರುಳು, ಹಿಡಿಸುವುದಿಲ್ಲ. ಅದನ್ನು ಬೂಟ್ ಎಂಬ ಜಾಗಕ್ಕೆ ಮೌಂಟ್ ಮಾಡದೆ (ಜೋಡಿಸದೆ) ಇಎಫ್‌ಐ ಎಂಬ ಬೇರೆ ಫೋಲ್ಡರಿಗೆ ಮೌಂಟ್ ಮಾಡಿದರೆ ಬೂಟ್ ಮೆನು ತೋರಿಸುವ ಗ್ರಬ್ ಮಾತ್ರ ಅಲ್ಲಿ ಕೂರುತ್ತದೆ, ಕರ್ನಲ್ ರೂಟ್ ಎಂಬ ಮೂಲ ಪಾರ್ಟಿಶನ್ನಿನಲ್ಲೇ ಉಳಿಯುತ್ತದೆ. ಆಮೇಲೆ ಗಡಿಯಾರ ಸರಿಯಾಗಿ ಐದೂವರೆ ತಾಸು ಆಚೀಚೆ ಆದರೆ ಗಾಬರಿ ಬೇಡ. ಲಿನಕ್ಸ್ ಬೋರ್ಡಿನ ಗಡಿಯಾರವನ್ನು ಯುಟಿಸಿ ಎಂದು ಓದುತ್ತದೆ, ವಿಂಡೋಸ್ ಭಾರತದ ಸಮಯ ಎಂದು ಓದುತ್ತದೆ.

ಗಡಿಯಾರದ್ದೇ ಇನ್ನೊಂದು ಕಾಟ ಈ ಯಂತ್ರದಲ್ಲಿ ಬಂತು. ಏಪ್ರಿಲ್‌ನಿಂದ ಮಳೆ ಹಿಡಿಯುವ ತನಕ ಸಿಡಿಲಿಗೆ ಹೆದರಿ ರಾತ್ರಿ ಪ್ಲಗ್ ಕಿತ್ತಿಡುವುದು ಇಲ್ಲಿನ ರೂಢಿ. ಹಾಗೆ ವರ್ಷಗಟ್ಟಲೆ ಮಾಡಿದರೆ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಬೇಗ ಸಾಯುತ್ತದೆ, ತಾರೀಖು ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತದೆ. ಆಗ ಪ್ಯಾಕೇಜಿನ ಡಿಜಿಟಲ್ ಸಹಿ ಇನ್ನೂ ಹುಟ್ಟದ ದಿನದ್ದಾಗಿ ಕಾಣುತ್ತದೆ. ಆರ್ಚಿನಲ್ಲಿ ಪ್ಯಾಕೇಜು ಇಳಿಸಿ ಹಾಕುವ ಪ್ಯಾಕ್‌ಮನ್ ಒಂದಾದ ಮೇಲೊಂದು ಪ್ಯಾಕೇಜಿಗೆ ಸಹಿ ನಂಬಲರ್ಹವಲ್ಲ ಎನ್ನುತ್ತ ಹೋಗುತ್ತದೆ, ನಾವು ಇಂಟರ್ನೆಟ್ಟನ್ನು ಬೈಯುತ್ತ ಕೂರುತ್ತೇವೆ. ನೆಟ್ ಸಿಕ್ಕಿದ ಕೂಡಲೇ ಟೈಮ್‌ಡೇಟ್‌ಸಿಟಿಎಲ್ ಕೊಟ್ಟು ತಾರೀಖು ಸರಿಯಾಗಿದೆಯೇ, ಗಡಿಯಾರ ಸಿಂಕ್ ಆಗಿದೆಯೇ ನೋಡಿಕೊಂಡೇ ಮುಂದೆ ಹೋಗಬೇಕು. ಬ್ಯಾಟರಿ ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ.

ನೆಟ್ ಹಿಡಿಯುವುದು ಹೇಗೆ? ಕೇಬಲ್ ಇದ್ದರೆ ಏನೂ ಮಾಡಬೇಕಿಲ್ಲ. ವೈಫೈಗೆ ಐಡಬ್ಲ್ಯುಸಿಟಿಎಲ್, ಅದರೊಳಗೆ ಡಿವೈಸ್ ಲಿಸ್ಟ್, ಸ್ಟೇಶನ್ ಡಬ್ಲ್ಯುಲ್ಯಾನ್0 ಸ್ಕ್ಯಾನ್, ಆಮೇಲೆ ಕನೆಕ್ಟ್ ಮತ್ತು ವೈಫೈ ಹೆಸರು. ಎಲ್ಲಕ್ಕಿಂತ ಸುಲಭದ್ದು ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಸಿಕ್ಕಿಸಿ ಟೆದರಿಂಗ್ ಆನ್ ಮಾಡುವುದು. ಕೆಲವು ಬ್ರಾಡ್‌ಕಾಮ್ ವೈಫೈ ಚಿಪ್ಪುಗಳಿಗೆ ಬೇರೆ ಡ್ರೈವರು ಬೇಕಾಗುತ್ತದೆ, ಆ ಡ್ರೈವರು ಇಳಿಸಲು ನೆಟ್ಟೇ ಬೇಕು. ಅಂಥ ಕಡೆ ಪಾರು ಮಾಡುವುದು ಫೋನೇ.

ಪಾರ್ಟಿಶನ್ನಿಗೆ ಸಿಎಫ್‌ಡಿಸ್ಕ್ ಸಾಕು, ಬಾಣದ ಕೀಲಿಯಲ್ಲೇ ನಡೆಯುತ್ತದೆ. ಇಎಫ್‌ಐಗೆ 1 ಜಿಬಿ, ರೂಟಿಗೆ 60 ಜಿಬಿ, ಉಳಿದದ್ದು ಹೋಮ್. ರೂಟಿಗೆ 25 ಜಿಬಿಯೂ ಸಾಕೆನಿಸುತ್ತದೆ, ಆದರೆ ಪ್ಯಾಕ್‌ಮನ್ ಇಳಿಸಿದ ಹಳೇ ಪ್ಯಾಕೇಜುಗಳನ್ನೆಲ್ಲ ಕ್ಯಾಶೆಯಲ್ಲಿ ಹಾಗೇ ಇಟ್ಟುಕೊಳ್ಳುತ್ತದೆ, ವರ್ಷದೊಳಗೆ ಅದೇ ತುಂಬುತ್ತದೆ. ಮೊದಲನೆಯದನ್ನು ಫ್ಯಾಟ್32, ಉಳಿದೆರಡನ್ನು ಇಎಕ್ಸ್‌ಟಿ4 ಮಾಡಿ, ರೂಟನ್ನು ಎಂಎನ್‌ಟಿ ಎಂಬ ಫೋಲ್ಡರಿಗೆ ಮೌಂಟ್ ಮಾಡಿದ ಮೇಲೆಯೇ ಬೂಟ್ (ಇಎಫ್‌ಐ ಪಾರ್ಟಿಶನ್) ಮತ್ತು ಹೋಮನ್ನು ಅದರೊಳಗೆ ಮೌಂಟ್ ಮಾಡಬೇಕು. ಈ ಕ್ರಮ ಉಲ್ಟಾ ಆದರೆ ಬೂಟ್ ಫೋಲ್ಡರು ರೂಟಿನ ಅಡಿಗೆ ಮುಚ್ಚಿಹೋಗುತ್ತದೆ, ಕರ್ನಲ್ ತಪ್ಪು ಜಾಗಕ್ಕೆ ಬೀಳುತ್ತದೆ. ಎಲ್ಲ ಮುಗಿಯುವ ತನಕ ಗೊತ್ತೂ ಆಗುವುದಿಲ್ಲ.

ಇನ್ನು ಇಳಿಸುವುದು. ರಿಫ್ಲೆಕ್ಟರ್ ಎಂಬ ಸಾಧನಕ್ಕೆ ದೇಶ ಇಂಡಿಯಾ ಎಂದು ಕೊಟ್ಟು, ವೇಗದ ಪ್ರಕಾರ ವಿಂಗಡಿಸಿ ಮಿರರ್, ಅಂದರೆ ಪ್ಯಾಕೇಜು ಕೊಡುವ ಸರ್ವರುಗಳ, ಪಟ್ಟಿ ಬರೆಸಿಕೊಳ್ಳಬೇಕು. ಮೊಬೈಲ್ ಸಿಗ್ನಲ್ ಮೇಲೆ ಇಳಿಸುವವರು ಪ್ಯಾಕ್‌ಮನ್.ಕಾನ್ಫ್ ತೆರೆದು ಆಪ್ಶನ್ಸ್ ಎಂಬ ಭಾಗದಲ್ಲಿ ಡಿಸೇಬಲ್‌ಡೌನ್‌ಲೋಡ್‌ಟೈಮ್‌ಔಟ್ ಎಂಬ ಸಾಲನ್ನು ಸೇರಿಸಲೇಬೇಕು. ಇಲ್ಲವಾದರೆ ಹತ್ತು ಸೆಕೆಂಡು ಏನೂ ಬಾರದಿದ್ದರೆ ಪ್ಯಾಕ್‌ಮನ್ ಬೇಸತ್ತು ಕೈಬಿಡುತ್ತದೆ. ಘಟ್ಟದ ಮೇಲಿನ ಸಿಗ್ನಲ್ ಹತ್ತು ಸೆಕೆಂಡು ಮಾಯವಾಗುವುದು ದೊಡ್ಡ ಸಂಗತಿಯಲ್ಲ. ಡಿಸ್ಕಿಗೆ ಹೊಸ ಸಿಸ್ಟಮ್ ಹಾಕುವ ಪ್ಯಾಕ್‌ಸ್ಟ್ರಾಪ್ ಓದುವುದು ಪೆನ್‌ಡ್ರೈವಿನಿಂದ ಎದ್ದ ಸಿಸ್ಟಮ್ಮಿನ ಈ ಕಡತವನ್ನೇ, ಹಾಗಾಗಿ ಈ ಬದಲಾವಣೆ ಮೊದಲೇ ಆಗಬೇಕು.

ಪ್ಯಾಕ್‌ಸ್ಟ್ರಾಪಿಗೆ ಕೊಡುವ ಪಟ್ಟಿಯಲ್ಲೇ ಅರ್ಧ ಹಣೆಬರಹ ಇದೆ. ಬೇಸ್, ಲಿನಕ್ಸ್, ಲಿನಕ್ಸ್-ಫರ್ಮ್‌ವೇರ್ ಎಂಬ ಮೂರು ಎಲ್ಲರಿಗೂ ನೆನಪಿರುತ್ತವೆ. ಜೊತೆಗೆ ಇಂಟೆಲ್-ಯುಕೋಡ್, ಲಿನಕ್ಸ್-ಎಲ್‌ಟಿಎಸ್, ನ್ಯಾನೊ, ಸುಡೊ, ಮ್ಯಾನ್-ಡಿಬಿ, ಗ್ರಬ್, ಇಎಫ್‌ಐಬೂಟ್‌ಎಂಜಿಆರ್, ಮತ್ತು ಬಹುಮುಖ್ಯವಾಗಿ ನೆಟ್‌ವರ್ಕ್‌ಮ್ಯಾನೇಜರ್. ಪೆನ್‌ಡ್ರೈವಿನಲ್ಲಿ ವೈಫೈ ನಡೆಯುತ್ತಿತ್ತಲ್ಲ ಎಂದು ಇದನ್ನು ಬಿಟ್ಟರೆ, ಹೊಸ ಸಿಸ್ಟಮ್ ಎದ್ದಾಗ ನೆಟ್ ಇಲ್ಲ, ನೆಟ್ ಹಾಕಲು ನೆಟ್ ಬೇಕು. ಮತ್ತೆ ಪೆನ್‌ಡ್ರೈವಿನಿಂದ ಎಬ್ಬಿಸಿ, ಮೌಂಟ್ ಮಾಡಿ, ಆರ್ಚ್-ಕ್ರೂಟ್ ಎಂಬ ಕಮಾಂಡಿನಿಂದ ಡಿಸ್ಕಿನ ಸಿಸ್ಟಮ್ಮಿನೊಳಗೆ ಹೊಕ್ಕು ಹಾಕಬೇಕು. ಮೊದಲ ಸಲ ಆದದ್ದು ಅದೇ.

ಜೆನ್‌ಎಫ್‌ಎಸ್‌ಟ್ಯಾಬ್‌ಗೆ ದೊಡ್ಡಕ್ಷರದ ಯು ಕೊಟ್ಟರೆ ಡಿಸ್ಕುಗಳನ್ನು ಹೆಸರಿನ ಬದಲು ಯುಯುಐಡಿ ಎಂಬ ಗುರುತಿನ ಸಂಖ್ಯೆಯಿಂದ ಗುರುತಿಸಿ ಬರೆಯುತ್ತದೆ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು ಪ್ರತಿ ಸಲ ಅದಲುಬದಲಾಗಬಹುದು, ಯುಯುಐಡಿ ಆಗುವುದಿಲ್ಲ. ಇದರ ಫಲಿತಾಂಶವನ್ನು ಎಫ್‌ಎಸ್‌ಟ್ಯಾಬ್ ಕಡತಕ್ಕೆ ಸೇರಿಸಿ ತೆರೆದು ನೋಡಿದರೆ ಮೂರು ಸಾಲು ಕಾಣಬೇಕು. ಬೂಟಿನ ಸಾಲು ಇಲ್ಲದಿದ್ದರೆ ಹಿಂದೆ ಹೇಳಿದ ಎಡವಟ್ಟು ಆಗಿದೆ ಎಂದೇ ಅರ್ಥ.

ಕ್ರೂಟ್ ಒಳಗೆ ಸಮಯವಲಯ ಏಷ್ಯಾ/ಕೋಲ್ಕತಾ, ಆಮೇಲೆ ಲೊಕೇಲ್, ಅಂದರೆ ಭಾಷೆ ಮತ್ತು ಅಂಕಿಯ ರೀತಿ. ಇಲ್ಲಿ ಕನ್ನಡಿಗರಿಗೇ ಮೀಸಲಾದ ಒಂದು ಗುಂಡಿ ಇದೆ. ಲೊಕೇಲ್.ಜೆನ್ ಕಡತದಲ್ಲಿ ಅಮೆರಿಕನ್ ಇಂಗ್ಲಿಷಿನ ಹೆಸರಿಗೆ ಯುಟಿಎಫ್-8 ಎಂಬ ಬಾಲ ಇದೆ. ಕೆಎನ್ ಅಡಿಗೆರೆ ಐಎನ್ ಎಂಬ ಕನ್ನಡದ ಹೆಸರಿಗೂ, ಭಾರತದ ಇಂಗ್ಲಿಷಿಗೂ ಆ ಬಾಲ ಇಲ್ಲ. ಯುಟಿಎಫ್-8 ಎನ್ನುವುದು ಪಕ್ಕದ ಕಾಲಮ್ಮಿನಲ್ಲಿ ಮಾತ್ರ, ಬಾಲ ಸೇರಿಸಿ ಹುಡುಕಿದರೆ ಸಾಲು ಸಿಗುವುದಿಲ್ಲ. ಮೂರೂ ಸಾಲಿನ ಮುಂದಿನ ಹ್ಯಾಶ್ ಚಿಹ್ನೆ ತೆಗೆದು ಲೊಕೇಲ್-ಜೆನ್ ಓಡಿಸಿ. ಲೊಕೇಲ್.ಕಾನ್ಫ್‌ನಲ್ಲಿ ಭಾಷೆ ಕನ್ನಡ ಎಂದು ಈಗಲೇ ಬರೆಯಬೇಡಿ. ಡೆಸ್ಕ್‌ಟಾಪ್ ಬರುವ ಮುಂಚಿನ ಕಪ್ಪು ಪರದೆಗೆ ಕನ್ನಡ ಅಕ್ಷರ ಗೊತ್ತಿಲ್ಲ, ಅನುವಾದವಾದ ಸಂದೇಶಗಳೆಲ್ಲ ಬರೇ ಚೌಕ ಚೌಕವಾಗಿ ಬರುತ್ತವೆ. ಯಂತ್ರ ಕೆಟ್ಟ ದಿನ ಓದಬೇಕಾದದ್ದು ಅದನ್ನೇ. ಭಾರತದ ಇಂಗ್ಲಿಷ್ ಇಟ್ಟುಕೊಂಡರೆ ಅಂಕಿಗಳ ನಡುವಿನ ಅಲ್ಪವಿರಾಮ ಲಕ್ಷ, ಕೋಟಿಯ ಲೆಕ್ಕಕ್ಕೆ ಬೀಳುತ್ತದೆ.

ರೂಟ್ ಎಂಬ ಯಜಮಾನ ಖಾತೆಗೆ ಪಾಸ್‌ವರ್ಡು, ಒಬ್ಬ ಬಳಕೆದಾರ, ಅವನನ್ನು ಸುಡೊ ಅಧಿಕಾರದ ವೀಲ್ ಗುಂಪಿಗೆ ಸೇರಿಸುವುದು, ವಿಸುಡೊದಲ್ಲಿ ವೀಲ್ ಸಾಲಿನ ಹ್ಯಾಶ್ ತೆಗೆಯುವುದು, ಇವೆಲ್ಲ ಐದು ನಿಮಿಷ. ಗ್ರಬ್-ಇನ್‌ಸ್ಟಾಲ್ ಆದ ಮೇಲೆ ಗ್ರಬ್-ಎಂಕೆಕಾನ್ಫಿಗ್ ಮರೆಯಬಾರದು, ಮೊದಲನೆಯದು ಗ್ರಬ್ಬನ್ನು ಕೂರಿಸುತ್ತದೆ, ಎರಡನೆಯದು ಮೆನು ಬರೆಯುತ್ತದೆ. ವಿಂಡೋಸ್ ಮೆನುವಿನಲ್ಲಿ ಕಾಣದಿದ್ದರೆ ಅಳಿಸಿಹೋಗಿಲ್ಲ. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್ಮುಗಳನ್ನು ಹುಡುಕುವ ಓಎಸ್-ಪ್ರೋಬರ್ ಸುಮ್ಮನೆ ಕೂತಿರುತ್ತದೆ. ಅದನ್ನು ಹಾಕಿಕೊಂಡು, ಗ್ರಬ್ಬಿನ ಸೆಟ್ಟಿಂಗಿನಲ್ಲಿ ಡಿಸೇಬಲ್ ಎನ್ನುವ ಸಾಲನ್ನು ಫಾಲ್ಸ್ ಮಾಡಿ ಮೆನು ಮತ್ತೆ ಬರೆಸಬೇಕು.

ಆರ್ಚ್‌ಇನ್‌ಸ್ಟಾಲ್ ಎಂಬ ಸ್ಕ್ರಿಪ್ಟ್ ಇದನ್ನೆಲ್ಲ ಮೆನುವಿನಲ್ಲೇ ಮಾಡಿಕೊಡುತ್ತದೆ. ಎರಡನೇ ಯಂತ್ರಕ್ಕೆ ಧಾರಾಳ ಬಳಸಬಹುದು. ಮೊದಲನೆಯದಕ್ಕೆ ಬಳಸಿದರೆ ಕೆಟ್ಟ ದಿನ ಎಲ್ಲಿ ಕೈ ಹಾಕಬೇಕೆಂದೇ ತಿಳಿಯುವುದಿಲ್ಲ.

ಮಿಂಟಿನಿಂದ ಬಂದವರಿಗೆ ನಿಜವಾಗಿ ಹೊಸತು ಅನಿಸುವುದು ಇನ್ನು ಮುಂದೆ. ಡೆಬಿಯನ್ ಬಳಗದಲ್ಲಿ ಒಂದು ಸೇವೆಯ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಅದು ತಾನೇ ಓಡತೊಡಗುತ್ತದೆ. ಆರ್ಚಿನಲ್ಲಿ ಹಾಕುವುದು ಬೇರೆ, ಚಾಲೂ ಮಾಡುವುದು ಬೇರೆ. ನೆಟ್‌ವರ್ಕ್‌ಮ್ಯಾನೇಜರ್, ಬ್ಲೂಟೂತ್, ಪ್ರಿಂಟಿಂಗಿನ ಕಪ್ಸ್ ಎಲ್ಲಕ್ಕೂ ಸಿಸ್ಟಮ್‌ಸಿಟಿಎಲ್ ಎನೇಬಲ್ ಎಂದು ಹೇಳಬೇಕು. ಮಿಂಟ್ ವಾರಕ್ಕೊಮ್ಮೆ ಎಸ್‌ಎಸ್‌ಡಿಯ ಖಾಲಿ ಜಾಗವನ್ನು ಗುಡಿಸುತ್ತಿತ್ತು, ಇಲ್ಲಿ ಎಫ್‌ಎಸ್‌ಟ್ರಿಮ್ ಟೈಮರನ್ನು ನಾವೇ ಎಬ್ಬಿಸಬೇಕು. ಸಮಯ ಸರಿಪಡಿಸುವ ಟೈಮ್‌ಸಿಂಕ್‌ಡಿ ಕೂಡ ಹಾಗೇ. ಫೈರ್‌ವಾಲ್ ಇಲ್ಲವೇ ಇಲ್ಲ, ಯುಎಫ್‌ಡಬ್ಲ್ಯು ಹಾಕಬೇಕು. ಮೆಮರಿ ಸಾಲದಾಗ ಡಿಸ್ಕನ್ನು ಬಳಸುವ ಸ್ವಾಪ್ ಬದಲು ಝಡ್‌ರ್ಯಾಮ್-ಜನರೇಟರ್ ಹಾಕಿದರೂ, ಅದರ ಕಾನ್ಫ್ ಕಡತದಲ್ಲಿ ಚೌಕ ಕಂಸದೊಳಗೆ ಝಡ್‌ರ್ಯಾಮ್0 ಎಂಬ ಒಂದು ಸಾಲಾದರೂ ಬರೆಯುವ ತನಕ ಅದು ಅಲ್ಲಾಡುವುದಿಲ್ಲ.

ಡೆಸ್ಕ್‌ಟಾಪಿಗೆ ಈ ಯಂತ್ರದ ಮಟ್ಟಿಗೆ ಎಕ್ಸ್‌ಎಫ್‌ಸಿಇ. ಲಾಗಿನ್ನಿಗೆ ಲೈಟ್‌ಡಿಎಂ, ಜೊತೆಗೆ ಅದರ ಜಿಟಿಕೆ ಗ್ರೀಟರ್. ಗ್ರೀಟರ್ ಬೇರೆಯೇ ಪ್ಯಾಕೇಜು, ಬಿಟ್ಟರೆ ಲಾಗಿನ್ ಪರದೆ ಬರುವುದಿಲ್ಲ, ಕಂಟ್ರೋಲ್ ಆಲ್ಟ್ ಎಫ್2 ಒತ್ತಿ ಕಪ್ಪು ಪರದೆಯಿಂದ ಹಾಕಬೇಕು. ಎಕ್ಸ್‌ಎಫ್‌ಸಿಇ ಎದ್ದ ಮೇಲೆ ಪೆನ್‌ಡ್ರೈವ್ ಚುಚ್ಚಿದರೆ ಫೈಲ್ ಮ್ಯಾನೇಜರ್ ಥುನಾರಿನ ಬದಿಯಲ್ಲಿ ಏನೂ ಕಾಣಲಿಲ್ಲ, ಕಸದ ಬುಟ್ಟಿಯೂ ಇರಲಿಲ್ಲ. ಜಿವಿಎಫ್‌ಎಸ್ ಹಾಕಿ ಒಮ್ಮೆ ಲಾಗೌಟ್ ಆಗಿ ಬಂದಾಗ ಎರಡೂ ಬಂದವು. ಫೋನಿನ ಫೋಟೋ ನೋಡಲು ಜಿವಿಎಫ್‌ಎಸ್-ಎಂಟಿಪಿ ಮತ್ತೆ ಬೇರೆ.

ಕನ್ನಡಕ್ಕೆ ಬರೋಣ. ಬ್ರೌಸರ್ ತೆರೆದಾಗ ಕನ್ನಡವೆಲ್ಲ ಚೌಕಗಳಾಗಿದ್ದರೆ ಫಾಂಟ್ ಇಲ್ಲ ಎಂದರ್ಥ. ನೋಟೊ-ಫಾಂಟ್ಸ್ ಹಾಕಿದರೆ ಕನ್ನಡದ ಸ್ಯಾನ್ಸ್, ಸೆರಿಫ್ ಎರಡೂ ಬರುತ್ತವೆ. ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಬರೆದ ಕಡತಗಳು ಇಂಗ್ಲಿಷ್ ಅಕ್ಷರಗಳ ಗೋಜಲಿನಂತೆ ಕಾಣುತ್ತವೆ. ಆ ಟಿಟಿಎಫ್ ಕಡತಗಳನ್ನೇ ಹೋಮಿನೊಳಗಿನ .ಲೋಕಲ್, ಶೇರ್, ಫಾಂಟ್ಸ್ ಎಂಬ ಜಾಗಕ್ಕೆ ಹಾಕಿ ಎಫ್‌ಸಿ-ಕ್ಯಾಶ್ ಓಡಿಸಿದರೆ ಓದಲು ಬರುತ್ತದೆ. ಓದಲು ಮಾತ್ರ, ಯುನಿಕೋಡ್ ಆಗುವುದಿಲ್ಲ.

ಟೈಪಿಂಗಿಗೆ ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗಿನಲ್ಲೇ ಕಗಪ ಎಂಬ ವಿನ್ಯಾಸ ಇದೆ, ಬೇರೇನೂ ಹಾಕಬೇಕಿಲ್ಲ. ಆದರೆ ಅದು ಹಿಂದಿನ ಅಕ್ಷರ ನೋಡಿ ನಿರ್ಧರಿಸುವುದಿಲ್ಲ, ಸ್ವರದ ಕೀಲಿ ಒತ್ತಿದರೆ ಕಾಗುಣಿತದ ಚಿಹ್ನೆಯೇ ಬೀಳುತ್ತದೆ, ಬಿಡಿ ಸ್ವರಕ್ಕೆ ಬಲಗಡೆಯ ಆಲ್ಟ್ ಹಿಡಿಯಬೇಕು. ನುಡಿಯಲ್ಲಿ ಬೆರಳು ಪಳಗಿದವರಿಗೆ ಇದು ಕಿರಿಕಿರಿ. ಅವರಿಗೆ ಟೈಪಿಂಗ್ ಸಾಧನವಾದ ಐಬಸ್ ಮತ್ತು ಐಬಸ್-ಎಂ17ಎನ್, ಅದರ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಎಂಬುದು. ಐಬಸ್ ಡೀಮನ್ ಲಾಗಿನ್ ಜೊತೆಗೇ ಶುರುವಾಗಲು ಎಕ್ಸ್‌ಎಫ್‌ಸಿಇಯ ಆಟೋಸ್ಟಾರ್ಟಿಗೆ ಸೇರಿಸಬೇಕು. ಎನ್ವಿರಾನ್ಮೆಂಟ್ ಕಡತದಲ್ಲಿ ಜಿಟಿಕೆ, ಕ್ಯೂಟಿ, ಎಕ್ಸ್‌ಮಾಡಿಫೈಯರ್ಸ್ ಮೂರಕ್ಕೂ ಐಬಸ್ ಹೆಸರು ಬರೆಯಬೇಕು. ಕ್ಯೂಟಿ ಸಾಲು ಬಿಟ್ಟರೆ ಫೈರ್‌ಫಾಕ್ಸಿನಲ್ಲಿ ಕನ್ನಡ ಬರುತ್ತದೆ, ಕ್ಯೂಟಿಯಲ್ಲಿ ಮಾಡಿದ ಪ್ರೋಗ್ರಾಮುಗಳಲ್ಲಿ ಬರುವುದಿಲ್ಲ. ಟರ್ಮಿನಲ್ಲಿನಲ್ಲಿ ಕನ್ನಡದ ಕಡತದ ಹೆಸರುಗಳ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಕಂಡರೆ ಅದು ಆ ಟರ್ಮಿನಲ್ಲಿನ ಮಿತಿ, ಕಡತಕ್ಕೆ ಏನೂ ಆಗಿಲ್ಲ.

ಮೂಲ ಭಂಡಾರದಲ್ಲಿ ಇಲ್ಲದ್ದು ಎಯುಆರ್ ಎಂಬ ಬಳಕೆದಾರರ ಭಂಡಾರದಲ್ಲಿ ಸಿಗುತ್ತದೆ. ತಯಾರಕರ ಸ್ವಂತ ಭಾಷೆ ಬಿಟ್ಟು ಬೇರೇನೂ ಅರ್ಥವಾಗದ ಹಳೇ ಲೇಸರ್ ಪ್ರಿಂಟರಿನ ಡ್ರೈವರು ಸಿಕ್ಕಿದ್ದು ಅಲ್ಲೇ. ಆದರೆ ಅಲ್ಲಿಗೆ ಯಾರು ಬೇಕಾದರೂ ಪ್ಯಾಕೇಜ್ ಏರಿಸಬಹುದು. 2025ರ ಜುಲೈ 16ರಂದು ಫೈರ್‌ಫಾಕ್ಸ್-ಪ್ಯಾಚ್-ಬಿನ್ ಮುಂತಾದ ಹೆಸರಿನ, ಯಂತ್ರವನ್ನೇ ಬೇರೆಯವರ ಕೈಗೆ ಕೊಡುವ ಪ್ಯಾಕೇಜುಗಳು ಬಂದು, ಎರಡು ದಿನದ ಮೇಲೆ ತೆಗೆಯಲ್ಪಟ್ಟವು. ಪ್ಯಾಕೇಜ್ ಕಟ್ಟುವ ವಿಧಾನ ಬರೆದ ಪಿಕೆಜಿಬಿಲ್ಡ್ ಕಡತ ಸಾಮಾನ್ಯವಾಗಿ ಒಂದೆರಡು ಪುಟದ್ದು, ಎಲ್ಲಿಂದ ಇಳಿಸುತ್ತದೆ ಎಂಬ ಸಾಲನ್ನಾದರೂ ಓದಬೇಕು.

ಅಪ್‌ಡೇಟಿನ ಕಮಾಂಡು ಒಂದೇ: ಪ್ಯಾಕ್‌ಮನ್, ಅಡ್ಡಗೆರೆ, ದೊಡ್ಡ ಎಸ್, ಸಣ್ಣ ವೈ, ಸಣ್ಣ ಯು. ಯು ಬಿಟ್ಟು ಎಸ್‌ವೈ ಮಾತ್ರ ಕೊಟ್ಟು ಹೊಸದೊಂದು ಪ್ಯಾಕೇಜ್ ಹಾಕಿದರೆ ಆ ಒಂದು ಹೊಸದು, ಉಳಿದದ್ದೆಲ್ಲ ಹಳೆಯದು. ಲೈಬ್ರರಿ ಸಿಗಲಿಲ್ಲ ಎಂದು ಸಂಬಂಧವಿಲ್ಲದ ಯಾವುದೋ ಪ್ರೋಗ್ರಾಮು ಕೂತುಬಿಡುತ್ತದೆ. ಮಿಂಟಿನ ಆಪ್ಟ್ ಅಪ್‌ಡೇಟ್, ಆಪ್ಟ್ ಇನ್‌ಸ್ಟಾಲ್ ಅಭ್ಯಾಸದಿಂದ ಬರುವವರು ಮಾಡುವ ಮೊದಲ ತಪ್ಪು ಇದು. ಆರ್ಚಿನ ತಾಣದ ಮುಖಪುಟದ ಸುದ್ದಿ ನೋಡದೆ ಒತ್ತಲೂಬಾರದು. 2025ರ ಜೂನಿನಲ್ಲಿ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ತುಂಡು ಮಾಡಿದಾಗ, ಹಳೆಯದನ್ನು ಕೈಯಾರೆ ತೆಗೆದು ಮತ್ತೆ ಹಾಕದೆ ಅಪ್‌ಡೇಟ್ ಮುಂದೆ ಹೋಗುತ್ತಿರಲಿಲ್ಲ. ಉಪಾಯ ಮುಖಪುಟದಲ್ಲೇ ಎರಡು ಸಾಲಿನಲ್ಲಿತ್ತು. ಮೂರ್ನಾಲ್ಕು ತಿಂಗಳು ಮುಟ್ಟದೆ ಬಿಟ್ಟ ಯಂತ್ರದಲ್ಲಿ ಸಹಿ ಗೊತ್ತಿಲ್ಲ ಎಂದು ಬಂದರೆ ಮೊದಲು ಸಹಿ ಪರಿಶೀಲಿಸುವ ಕೀಲಿಗಳ ಆರ್ಚ್‌ಲಿನಕ್ಸ್-ಕೀರಿಂಗ್ ಮಾತ್ರ ಹೊಸದು ಮಾಡಿ, ಕೂಡಲೇ ಪೂರ್ತಿ ಅಪ್‌ಡೇಟ್ ಕೊಡಬೇಕು.

ಕರ್ನಲ್ ಬದಲಾದ ಅಪ್‌ಡೇಟ್ ಆದ ಮೇಲೆ ರೀಬೂಟ್ ಮಾಡದಿದ್ದರೆ ಪೆನ್‌ಡ್ರೈವ್ ಚುಚ್ಚಿದರೂ ತೆರೆಯದೆ ಇರಬಹುದು. ಓಡುತ್ತಿರುವ ಹಳೇ ಕರ್ನಲ್ಲಿನ ಮಾಡ್ಯೂಲುಗಳು ಡಿಸ್ಕಿನಿಂದ ಹೋಗಿರುತ್ತವೆ, ಯುಎಸ್‌ಬಿ ಡಿಸ್ಕು ಗುರುತಿಸುವ ಮಾಡ್ಯೂಲು ಅದರಲ್ಲೊಂದು. ಪೆನ್‌ಡ್ರೈವ್ ಕೆಟ್ಟಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬಿದ್ದು ಕರೆಂಟು ಯಾವಾಗ ಹೋಗುತ್ತದೆಂದು ಹೇಳಲು ಬರುವುದಿಲ್ಲ. ಹಾಗಾಗಿ ಇಲ್ಲಿ ಅಪ್‌ಡೇಟನ್ನು ಎರಡು ಹಂತ ಮಾಡಿದ್ದು. ಎಸ್‌ವೈಯು ಜೊತೆ ಸಣ್ಣ ಡಬ್ಲ್ಯು ಸೇರಿಸಿದರೆ ಪ್ಯಾಕೇಜುಗಳು ಇಳಿದು ಕ್ಯಾಶೆಯಲ್ಲಿ ಕೂರುತ್ತವೆ, ಏನೂ ಹಾಕಲ್ಪಡುವುದಿಲ್ಲ. ಇದು ತಾಸುಗಟ್ಟಲೆ ಹಿಡಿಯಲಿ, ನಡುವೆ ನೂರು ಸಲ ನಿಲ್ಲಲಿ, ತೊಂದರೆಯಿಲ್ಲ. ಯುಪಿಎಸ್ ತುಂಬಿ ಕರೆಂಟು ನೆಟ್ಟಗಿರುವ ಹೊತ್ತು ನೋಡಿ ಎಸ್‌ಯು ಮಾತ್ರ ಕೊಟ್ಟರೆ, ನೆಟ್ ಇಲ್ಲದೆಯೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತು ಚಿಕ್ಕ ಯುಪಿಎಸ್ಸೂ ತಡೆಯುತ್ತದೆ. ಈ ಎರಡರ ನಡುವೆ ಬೇರೆ ಯಾವ ಪ್ಯಾಕೇಜನ್ನೂ ಹಾಕಬಾರದು.

ಯುಪಿಎಸ್ ಬ್ಯಾಟರಿ ಸತ್ತಿತ್ತು, ನಡುವೆಯೇ ಕರೆಂಟು ಹೋಯಿತು ಎಂದುಕೊಳ್ಳಿ. ಎದ್ದರೆ ಪ್ಯಾಕ್‌ಮನ್ ಡೇಟಾಬೇಸ್ ಬೀಗ ಹಾಕಿದೆ ಎನ್ನುತ್ತದೆ, ಡಿಬಿ.ಎಲ್‌ಸಿಕೆ ಎಂಬ ಕಡತ ಅಳಿಸಿ ಮತ್ತೆ ಅಪ್‌ಡೇಟ್ ಕೊಟ್ಟರಾಯಿತು. ಏಳದಿದ್ದರೆ ಗ್ರಬ್ಬಿನಲ್ಲಿ ಎಲ್‌ಟಿಎಸ್ ಕರ್ನಲ್ ಆರಿಸಿ ನೋಡಿ, ಎರಡು ಕರ್ನಲ್ ಹಾಕಿದ್ದು ಇದಕ್ಕೇ. ಅದೂ ಏಳದಿದ್ದರೆ ಪೆನ್‌ಡ್ರೈವು. ರೂಟ್, ಬೂಟ್ ಎರಡನ್ನೂ ಅದೇ ಕ್ರಮದಲ್ಲಿ ಮೌಂಟ್ ಮಾಡಿ, ಕ್ರೂಟ್ ಹೊಕ್ಕು, ಪ್ಯಾಕ್‌ಮನ್.ಲಾಗ್ ಕಡತದ ಕೊನೆಯ ಸಾಲುಗಳನ್ನು ಓದಿ. ಅಪ್‌ಡೇಟ್ ಯಾವ ಪ್ಯಾಕೇಜಿನ ತನಕ ಬಂದಿತ್ತೆಂದು ಅಲ್ಲಿರುತ್ತದೆ. ಆಗಿಹೋಯಿತು ಎಂದು ಬರೆದವನ್ನೂ ನಂಬಬಾರದು, ಡಿಸ್ಕಿಗೆ ಇಳಿಯುವ ಮುಂಚೆ ಕರೆಂಟು ಹೋಗಿ ಕಡತಗಳು ಸೊನ್ನೆ ಬೈಟಿನವಾಗಿ ಉಳಿದಿರುತ್ತವೆ. ಆ ಸಲದ ಪಟ್ಟಿಯಲ್ಲಿದ್ದ ಪ್ಯಾಕೇಜುಗಳನ್ನೆಲ್ಲ ಮತ್ತೆ ಹಾಕಿ, ಕೊನೆಗೆ ಬೂಟಿಗೆ ಬೇಕಾದ ಕಡತ ಕಟ್ಟುವ ಎಂಕೆಇನಿಟ್‌ಸಿಪಿಐಒಗೆ ದೊಡ್ಡ ಪಿ ಕೊಟ್ಟು ಓಡಿಸಿ. ಹೆಚ್ಚುಕಮ್ಮಿ ಎಲ್ಲ ಪ್ರೋಗ್ರಾಮಿಗೂ ಬೇಕಾದ ಜಿಲಿಬ್‌ಸಿಯೇ ಖಾಲಿಯಾಗಿದ್ದರೆ ಕ್ರೂಟ್ ಒಳಗೇ ಬಿಡುವುದಿಲ್ಲ, ಆಗ ಹೊರಗಿನಿಂದಲೇ ಪ್ಯಾಕ್‌ಮನ್‌ಗೆ ರೂಟ್ ಎಂಎನ್‌ಟಿ ಎಂದು ತೋರಿಸಿ ಅದೊಂದನ್ನು ಮೊದಲು ಹಾಕಬೇಕು. ಎಲ್ಲ ಆದ ಮೇಲೆ ಪ್ಯಾಕ್‌ಮನ್‌ಗೆ ದೊಡ್ಡ ಕ್ಯೂ, ಎರಡು ಸಣ್ಣ ಕೆ. ನಾವೇ ತಿದ್ದಿದ ಸೆಟ್ಟಿಂಗಿನ ಕಡತಗಳನ್ನು ಅದು ಹೇಳಿಯೇ ಹೇಳುತ್ತದೆ. ಗಾತ್ರ ಹೊಂದುತ್ತಿಲ್ಲ ಎಂದು ಯಾವುದಾದರೂ ಲೈಬ್ರರಿಯ ಹೆಸರು ಬಂದರೆ ಅದರ ಪ್ಯಾಕೇಜ್ ಇನ್ನೊಮ್ಮೆ.

ಆ ಪೆನ್‌ಡ್ರೈವನ್ನು ಅಳಿಸಿ ಸಿನಿಮಾ ತುಂಬಬೇಡಿ. ಐಎಸ್‌ಒ ವರ್ಷ ಹಳೆಯದಾದರೂ ಕ್ರೂಟ್ ಹೊಗಲು ಸಾಕು, ಒಳಗೆ ಹೋದ ಮೇಲೆ ನಡೆಯುವುದು ಡಿಸ್ಕಿನಲ್ಲಿರುವ ಪ್ಯಾಕ್‌ಮನ್, ಡಿಸ್ಕಿನಲ್ಲಿರುವ ಕೀರಿಂಗೇ.